ಸೈಕಲ್ಲಿನವರ ವಾದ, ನಮ್ಮ ಮನೆ ಜಗುಲಿಯಲ್ಲಿ

ನಮ್ಮನ್ನು ಹಾಸ್ಯ ಮಾಡಬೇಕೆಂದರೆ ಗಂಡಸರಿಗೆ ಒಂದು ಸೀರೆ ಅಂಗಡಿ ಸಾಕು. ಇಪ್ಪತ್ತು ಸೀರೆ ಬಿಡಿಸಿ ಹಾಕಿಸಿ, ಕೊನೆಗೆ ಅಂಚು ಅರ್ಧ ಅಂಗುಲ ಹೆಚ್ಚಾಯಿತೆಂದು ಎದ್ದು ಬರುತ್ತೇವಂತೆ. ಇನ್ನು ಮೇಲೆ ಯಾರಾದರೂ ಹಾಗೆಂದರೆ ನನ್ನ ಹತ್ತಿರ ಉತ್ತರ ಸಿದ್ಧವಾಗಿದೆ ಸೋದರಿಯರೇ! ನವರಾತ್ರಿ ಕಳೆದ ಮೇಲಿನ ಒಂದು ಭಾನುವಾರ ನಮ್ಮ ಮನೆಯ ಜಗುಲಿಯಲ್ಲಿ ಕುಳಿತು, ಓದಿ ಕೆಲಸದಲ್ಲಿರುವ ಐದು ಜನ ಗಂಡಸರು, ಕಾಲುಚೀಲ ಎಷ್ಟು ಉದ್ದ ಇರಬೇಕು ಎಂಬ ಬಗ್ಗೆ ಅರ್ಧ ಗಂಟೆ ವಾದ ಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಮ್ಮದು ಸೊರಬದಿಂದ ಸುಮಾರು 16 ಕಿಲೋಮೀಟರು ದೂರದ ಗುಡವಿ. ಮಳೆ ಹಿಡಿದ ಮೇಲೆ ಇಲ್ಲಿಯ ಕೆರೆಯ ಮರಗಳ ಮೇಲೆ ಬಿಳಿ ಕೆಂಬರಲು, ನೀರುಕಾಗೆ, ಹಾವಕ್ಕಿ, ಬೆಳ್ಳಕ್ಕಿಗಳು ಗೂಡು ಕಟ್ಟುತ್ತವೆ. ಹಕ್ಕಿ ನೋಡಲು ಕಾರಿನಲ್ಲಿ ಬರುವವರನ್ನು ಕಂಡು ನಮಗೆ ಅಭ್ಯಾಸ. ಆ ದಿನ ಬಂದದ್ದು ನನ್ನ ಅಣ್ಣನ ಮಗ. ಬೆಂಗಳೂರಿನಲ್ಲಿ ಕೆಲಸ, ನಾಲ್ಕು ವರ್ಷದಿಂದ ಈ ರೋಡ್ ಸೈಕಲ್ಲಿನ ಹುಚ್ಚು. "ಅತ್ತೆ, ಆರು ಜನ ಬರ್ತೀವಿ, ತಿಂಡಿ ನಿಮ್ಮಲ್ಲೇ" ಎಂದು ಹಿಂದಿನ ದಿನ ಫೋನು ಮಾಡಿದ್ದ. ಐದು ಗಂಡಸರು, ಒಬ್ಬಳು ಹೆಂಗಸು. ರಾತ್ರಿ ಶಿಕಾರಿಪುರದಲ್ಲಿ ತಂಗಿ, ಬೆಳಗಿನ ಜಾವ ಹೊರಟು ಶಿರಾಳಕೊಪ್ಪ, ಸೊರಬದ ಮೇಲೆ ತುಳಿದುಕೊಂಡು ಬಂದಿದ್ದರು.

ಅವರ ವೇಷವೋ! ಮೈಗೆ ಅಂಟಿದ ಬಣ್ಣದ ಬನಿಯನ್ನು, ತೊಡೆಗೆ ಅಂಟಿದ ಕಪ್ಪು ಚಡ್ಡಿ, ಎಲ್ಲರ ಬೆನ್ನಿನ ಮೇಲೂ ಸೊಂಟದಿಂದ ಕುತ್ತಿಗೆಯವರೆಗೆ ಕೆಂಪು ಕೆಸರಿನ ಒಂದು ಪಟ್ಟೆ. ಯಾಕೆಂದರೆ ಈ ಸೈಕಲ್ಲುಗಳಿಗೆ ಮಡ್‌ಗಾರ್ಡು ಇಲ್ಲ. ಹಾಕಿಸಬಹುದು, ಆದರೆ ಹಾಕಿದರೆ ಚಂದ ಕೆಡುತ್ತದಂತೆ. ಸ್ಟ್ಯಾಂಡು ಇಲ್ಲ, ಕ್ಯಾರಿಯರ್ ಇಲ್ಲ, ಬೆಲ್ಲು ಕೂಡ ಒಬ್ಬನದಕ್ಕೆ ಮಾತ್ರ ಇತ್ತು, ಅದಕ್ಕೂ ಉಳಿದವರು ಅವನನ್ನು ಗೇಲಿ ಮಾಡುತ್ತಿದ್ದರು. ಸ್ಟ್ಯಾಂಡಿಲ್ಲದ ಮೇಲೆ ಎಲ್ಲಿ ನಿಲ್ಲಿಸುವುದು? ಒಬ್ಬ ಹೋಗಿ ತುಳಸಿಕಟ್ಟೆಗೆ ಒರಗಿಸಿದ. ನಮ್ಮ ಅತ್ತೆಯವರು ಒಳಗಿನಿಂದಲೇ, "ಎರಡು ಲಕ್ಷದ ಸೈಕಲ್ಲಿಗೆ ಎರಡು ರೂಪಾಯಿ ಕಾಲು ಕೊಡಲಿಲ್ವಾ ಅಂಗಡಿಯವನು?" ಎಂದು ಕೂಗಿದರು. ಪಾಪ, ಆತ ನಾಲಿಗೆ ಕಚ್ಚಿಕೊಂಡು ಗೋಡೆಗೆ ಒರಗಿಸಿದ.

ಅಕ್ಕಿರೊಟ್ಟಿ, ಕಾಯಿಚಟ್ನಿ, ಜೋನಿಬೆಲ್ಲ ಬಡಿಸುತ್ತಾ ನಾನು ಬಾಗಿಲಿಗೂ ಒಲೆಗೂ ಓಡಾಡುತ್ತಿದ್ದೆ. ವಾದ ಟಯರಿನಿಂದ ಶುರುವಾಯಿತು. ಮೊದಲೆಲ್ಲ ಈ ಸೈಕಲ್ಲುಗಳ ಟಯರಿನ ಅಗಲ 23 ಮಿಲಿಮೀಟರು, ನಮ್ಮ ಹೆಬ್ಬೆರಳಿಗಿಂತ ಚೂರು ದಪ್ಪ. ಅದರಲ್ಲಿ ಗಾಳಿ ಕಲ್ಲಿನಂತೆ ತುಂಬಿದಷ್ಟೂ ವೇಗ ಹೆಚ್ಚು ಎಂದು ನಂಬಿದ್ದರು. ಈಗ ತಿಳಿದಿರುವುದೇನೆಂದರೆ, ಗಾಜಿನಂತಹ ರಸ್ತೆಯಲ್ಲಿ ಮಾತ್ರ ಅದು ಸರಿ. ಉಳಿದ ಕಡೆ ಗಟ್ಟಿ ಟಯರು ಪ್ರತಿ ಕಲ್ಲಿಗೂ ಪುಟಿಯುತ್ತದೆ, ಪುಟಿದಾಗಲೆಲ್ಲ ತುಳಿದ ಶಕ್ತಿ ವ್ಯರ್ಥವಾಗುತ್ತದೆ, ಮೈಯೂ ನುಗ್ಗಾಗುತ್ತದೆ. ಹಾಗಾಗಿ ದೊಡ್ಡ ದೊಡ್ಡ ರೇಸಿನವರೂ 25ಕ್ಕೆ, ಆಮೇಲೆ 28ಕ್ಕೆ ಏರಿದ್ದಾರೆ, ಗಾಳಿ ಕಡಿಮೆ ಮಾಡಿದ್ದಾರೆ. ಇದನ್ನು ಒಪ್ಪದ ಹಳಬರು ಇನ್ನೂ ಇದ್ದಾರೆ. ಅಂಥವನೊಬ್ಬ ನಮ್ಮ ಜಗುಲಿಯಲ್ಲಿಯೂ ಇದ್ದ.

ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಮಾವನವರ ಕರಿ ಅಟ್ಲಾಸ್ ಸೈಕಲ್ಲು ಇನ್ನೂ ಕೊಟ್ಟಿಗೆಯ ಅಟ್ಟದಲ್ಲಿದೆ. ಅದರ ಟಯರು ಒಂದೂವರೆ ಅಂಗುಲ, ಅಂದರೆ 38 ಮಿಲಿಮೀಟರು! ಮಾವನವರು ಅದರ ಮೇಲೆ ಅರ್ಧ ಮೂಟೆ ಅಕ್ಕಿ ಹೇರಿಕೊಂಡು ಗದ್ದೆ ಏರಿಯ ಮೇಲೆ ಬರುತ್ತಿದ್ದರು. "ಇನ್ನು ಹತ್ತು ವರ್ಷ ಬಿಟ್ಟರೆ ನೀವೆಲ್ಲ ನಮ್ಮ ಅಟ್ಟಕ್ಕೇ ಬರ್ತೀರಿ ಬಿಡಿ" ಎಂದೆ.

ತೂಕದ ಮಾತು ಬಂದಾಗಲಂತೂ ಅಕ್ಕಸಾಲಿಗನ ಅಂಗಡಿಯಲ್ಲಿ ಕುಳಿತ ಹಾಗಾಯಿತು. ಎಲ್ಲ ಗ್ರಾಮಿನ ಲೆಕ್ಕ. ಉಕ್ಕು ವಾಸಿಯೋ, ಅಲ್ಯೂಮಿನಿಯಂ ವಾಸಿಯೋ, ಕಾರ್ಬನ್ ವಾಸಿಯೋ? ಕಾರ್ಬನ್ ಹಗುರ, ಆದರೆ ಬಿದ್ದು ಒಳಗೆ ಬಿರುಕು ಬಿಟ್ಟರೆ ಮೇಲಿನಿಂದ ಕಾಣದು. ಉಕ್ಕು ಭಾರ, ಆದರೆ ನಮ್ಮೂರ ವೆಲ್ಡಿಂಗಿನವನೂ ಕೂಡಿಸಬಲ್ಲ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದವರು ರೇಸಿನ ಸೈಕಲ್ಲು 6.8 ಕಿಲೋಗ್ರಾಮಿಗಿಂತ ಹಗುರ ಇರಕೂಡದೆಂದು 2000ದಲ್ಲೇ ನಿಯಮ ಮಾಡಿದ್ದಾರೆ. ನಮ್ಮ ಜಗುಲಿಯ ಒಬ್ಬ ಮಹಾಶಯ ಅರ್ಧ ಕಿಲೋ ಇಳಿಸಲೆಂದು ಚಕ್ರಕ್ಕೆ ಹತ್ತಾರು ಸಾವಿರ ಸುರಿದಿದ್ದನಂತೆ. ಹೇಳುತ್ತಾ ಹೇಳುತ್ತಾ ಏಳನೆಯ ರೊಟ್ಟಿಗೆ ಕೈಹಾಕಿದ. ನಾನೇನೂ ಹೇಳಲಿಲ್ಲ, ಬಡಿಸಿದೆ.

ಕಾಲುಚೀಲದ ವಿಷಯ ನಾನು ತಮಾಷೆಗೆ ಹೇಳಿದ್ದಲ್ಲ. ಅದಕ್ಕೂ ಕಾನೂನಿದೆ! ಹರಡಿಗೂ ಮಂಡಿಗೂ ನಡುವಿನ ಅರ್ಧಕ್ಕಿಂತ ಮೇಲೆ ಹೋಗಕೂಡದು. ನುಣುಪಾದ ಬಟ್ಟೆ ಕಾಲನ್ನು ಮುಚ್ಚಿದಷ್ಟೂ ಗಾಳಿ ಸರಾಗವಾಗಿ ಜಾರುತ್ತದೆಂದು ಕೆಲವರು ಉದ್ದ ಮಾಡಿಕೊಳ್ಳುತ್ತಿದ್ದರಂತೆ. 2019ರಿಂದ ಅಳೆಯಲು ಅಳತೆಗೋಲನ್ನೇ ಇಟ್ಟಿದ್ದಾರೆ. ಗಿಡ್ಡ ಚೀಲ ಹಾಕಿದವನನ್ನು ಹೊಸಬನೆಂದು ನಗುತ್ತಾರಂತೆ. ಇದಕ್ಕಿಂತ ಮೇಲಿನದು ಕಾಲಿನ ಕೂದಲು ತೆಗೆಯುವುದು. ಹೌದು, ಗಂಡಸರು! ಬಿದ್ದಾಗ ಗಾಯ ತೊಳೆದು ಪಟ್ಟಿ ಕಟ್ಟಲು, ಎಣ್ಣೆ ಹಚ್ಚಿ ತಿಕ್ಕಲು ಸುಲಭ ಎನ್ನುತ್ತಾರೆ. ಅಷ್ಟೇ ಆಗಿದ್ದರೆ ರೇಸಿಗೆ ಹೋಗದವರೂ ಯಾಕೆ ತೆಗೆಯಬೇಕು? ಇದು ಕುಂಕುಮದ ಹಾಗೆ, ನಾವು ಈ ಗುಂಪಿನವರು ಎಂಬ ಗುರುತು ಎಂದು ನನಗನ್ನಿಸಿತು.

ಡಿಸ್ಕ್ ಬ್ರೇಕು ಬೇಕೋ ಬೇಡವೋ ಎನ್ನುವುದನ್ನು ಮಾತ್ರ ನಾನು ತಮಾಷೆ ಎನ್ನಲಾರೆ. ರಿಮ್ಮನ್ನು ರಬ್ಬರು ಹಿಡಿಯುವ ಬ್ರೇಕು ಮಳೆಯಲ್ಲಿ ಮೊದಲು ನೀರು ಒರೆಸಬೇಕು, ಆಮೇಲೆ ಹಿಡಿಯಬೇಕು. ಅಷ್ಟರಲ್ಲಿ ತಿರುವು ಬಂದಿರುತ್ತದೆ. ರೇಸುಗಳಲ್ಲಿ ಡಿಸ್ಕಿಗೆ ಪೂರ್ತಿ ಒಪ್ಪಿಗೆ ಸಿಕ್ಕಿದ್ದು 2018ರಲ್ಲಿ. ಮಲೆನಾಡಿನ ಮಳೆ ಕಂಡವರಾರೂ ಅದಕ್ಕೆ ವಾದ ಮಾಡಲಾರರು. ಹೆಲ್ಮೆಟ್ಟಿಗೂ ಒಂದು ಕಾಲದಲ್ಲಿ ಹೀಗೇ ವಿರೋಧವಿತ್ತಂತೆ. 2003ರಲ್ಲಿ ಕಜಕಸ್ತಾನದ ಆಂದ್ರೆ ಕಿವಿಲೆವ್ ಎಂಬ ಸವಾರ ರೇಸಿನಲ್ಲಿ ಬಿದ್ದು ತಲೆಗೆ ಪೆಟ್ಟಾಗಿ ತೀರಿಕೊಂಡ ಮೇಲೆಯೇ ಕಡ್ಡಾಯವಾಯಿತು.

ಈ ಐವರಲ್ಲಿ ಒಬ್ಬಾತ ಮಾತ್ರ ಸುಮ್ಮನೆ ತಿನ್ನುತ್ತಿದ್ದ. ಬಾಗಲಕೋಟೆ ಕಡೆಯವನು. ನಮಗೆ ಸೈಕಲ್ ಶೋಕಿ ಎಂದರೆ ಬೆಂಗಳೂರು, ನಂದಿಬೆಟ್ಟ ನೆನಪಾಗುತ್ತದೆ. ಆದರೆ ಕರ್ನಾಟಕದಲ್ಲಿ ಸೈಕಲ್ ರೇಸಿನ ನಿಜವಾದ ತವರು ವಿಜಯಪುರ, ಬಾಗಲಕೋಟೆ. ಅಲ್ಲಿಯ ಕ್ರೀಡಾನಿಲಯಗಳಿಂದ ರೈತರ ಮಕ್ಕಳು, ಹೆಣ್ಣುಮಕ್ಕಳೂ ಸಹ, ರಾಷ್ಟ್ರಮಟ್ಟದಲ್ಲಿ ಪದಕ ತಂದಿದ್ದಾರೆ. ಆತ ಹೇಳಿದ: "ಅಕ್ಕಾರ, ಇವರೆಲ್ಲ ಯಾವ ಸೈಕಲ್ ಅಂತ ಕೇಳ್ತಾರ. ನಮ್ಮ ಕಡೆ ಹುಡುಗ್ಯಾರು ರೇಸಿಗೆ ಹೊಂಟ್ರ, ಸೈಕಲ್ ಐತೋ ಇಲ್ಲೋ ಅಂತ ಕೇಳ್ತೀವ್ರಿ."

ಆ ಮಾತು ನನಗೆ ಎಲ್ಲಿ ತಟ್ಟಬೇಕೋ ಅಲ್ಲಿ ತಟ್ಟಿತು.

ನನ್ನ ತವರು ಶಿಕಾರಿಪುರ ತಾಲ್ಲೂಕಿನ ಒಂದು ಹಳ್ಳಿ. ಅಪ್ಪನ ಸೈಕಲ್ಲಿನ ಅಡ್ಡಪಟ್ಟಿಯ ಕೆಳಗೆ ಕಾಲು ತೂರಿಸಿ ಒಳಪೆಡಲಿನಲ್ಲಿ ಅಣ್ಣನಿಗಿಂತ ಮೊದಲು ಕಲಿತವಳು ನಾನು. 1995ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದೆ, ಅಣ್ಣನಿಗಿಂತ ಹೆಚ್ಚು ನಂಬರು. ಕಾಲೇಜಿಗೆ ಒಂಬತ್ತು ಕಿಲೋಮೀಟರು, ಆ ಹೊತ್ತಿಗೆ ಬಸ್ಸಿಲ್ಲ, ಮನೆಯಲ್ಲಿ ಸೈಕಲ್ಲು ಒಂದೇ. ಅದು ಅಣ್ಣನಿಗೆ ಹೋಯಿತು. "ದೊಡ್ಡವಳಾದ ಹುಡುಗಿ ಸೈಕಲ್ ತುಳಿದರೆ ನೋಡಿದವರು ಏನಂದಾರು" ಎಂದರು. ಯಾರ ಮೇಲೂ ಸಿಟ್ಟಿನಿಂದ ಬರೆಯುತ್ತಿಲ್ಲ, ಆಗ ಎಲ್ಲ ಮನೆಯಲ್ಲೂ ಹಾಗೇ ಇತ್ತು. ಆ ಅಣ್ಣನ ಮಗನೇ ಈಗ ಎರಡು ಲಕ್ಷದ ಸೈಕಲ್ಲನ್ನು ನಮ್ಮ ಗೋಡೆಗೆ ಒರಗಿಸಿ ಕುಳಿತಿದ್ದ.

ಎಲ್ಲ ಕಡೆ ಹಾಗೇ ಇರಲಿಲ್ಲ ಎನ್ನುವುದು ಆಮೇಲೆ ತಿಳಿಯಿತು. ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯಲ್ಲಿ 1991ರ ಸುಮಾರಿಗೆ ಸಾಕ್ಷರತಾ ಆಂದೋಲನದವರು, ಕಲೆಕ್ಟರಾಗಿದ್ದ ಶೀಲಾರಾಣಿ ಚುಂಕತ್ ಅವರ ಪ್ರೋತ್ಸಾಹದಿಂದ, ಅಕ್ಷರದ ಜೊತೆಗೆ ಸೈಕಲ್ಲನ್ನೂ ಕಲಿಸಿದರು. ಕೂಲಿಯವರು, ಕಲ್ಲುಗಣಿಯ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ಕಲಿತರು. ನಮ್ಮ ರಾಜ್ಯದಲ್ಲಿ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ಲು ಬಂತು. ಆಗ ಉಪಮುಖ್ಯಮಂತ್ರಿಯಾಗಿದ್ದವರು ಶಿಕಾರಿಪುರದ ಯಡಿಯೂರಪ್ಪನವರು. ಕೊರೋನಾ ಕಾಲದಲ್ಲಿ ಅದು ನಿಂತಿತು. ಅದಕ್ಕೆ ಮೊದಲು, 2018ರಲ್ಲಿ ನನ್ನ ಮಗಳಿಗೂ ಒಂದು ಸಿಕ್ಕಿತ್ತು. ಒಂದು ವರ್ಷ ತುಳಿದು, "ಕೂತರೆ ನೋವು, ಮಂಡಿ ನೋವು" ಎಂದು ಬಿಟ್ಟಳು. ಹುಡುಗಿಯ ಸೋಮಾರಿತನ ಎಂದುಕೊಂಡಿದ್ದೆ.

ಅದು ಸೋಮಾರಿತನವಲ್ಲ ಎಂದು ತಿಳಿದದ್ದು ಅಡುಗೆಮನೆಯಲ್ಲಿ. ಗಂಡಸರು ಕಾಲುಚೀಲದಲ್ಲಿ ಮುಳುಗಿದ್ದಾಗ ಆ ಹೆಂಗಸು ತಟ್ಟೆ ಇಡಲು ಒಳಗೆ ಬಂದಳು. ನನ್ನದೇ ವಯಸ್ಸು, ವೃತ್ತಿಯಲ್ಲಿ ವೈದ್ಯೆ. ನಾನು ಸಂಕೋಚದಿಂದಲೇ ಕೇಳಿದೆ, ಅವಳು ಸಂಕೋಚವಿಲ್ಲದೆ ಹೇಳಿದಳು. "ಇವರು ಎಲ್ಲದರ ಬಗ್ಗೆ ಜಗಳ ಆಡ್ತಾರೆ, ಸೀಟಿನ ಬಗ್ಗೆ ನಮ್ಮನ್ನ ಕೇಳೋದೇ ಇಲ್ಲ ನೋಡಿ. ನಾನು ಎರಡು ವರ್ಷ ನೋವು ನುಂಗಿಕೊಂಡು ತುಳಿದೆ."

ಅವಳು ಹೇಳಿದ್ದನ್ನು ಇಲ್ಲಿ ಬಿಚ್ಚಿಯೇ ಬರೆಯುತ್ತೇನೆ. ಮನೆಯಲ್ಲಿ ಸೈಕಲ್ ತುಳಿಯುವ ಹೆಣ್ಣುಮಗಳಿದ್ದರೆ ಬೇಕಾಗುತ್ತದೆ. ನಾವು ಕೂರುವುದು ಎರಡು ಎಲುಬಿನ ಮೇಲೆ. ಸಾಮಾನ್ಯವಾಗಿ ಹೆಂಗಸರಿಗೆ ಅವುಗಳ ನಡುವಿನ ಅಂತರ ಗಂಡಸರಿಗಿಂತ ಹೆಚ್ಚು. ಸೀಟು ಕಿರಿದಾದರೆ ಎಲುಬು ಹೊರಗೇ ಉಳಿದು, ಭಾರವೆಲ್ಲ ನಡುವಿನ ಮೃದು ಭಾಗಕ್ಕೆ ಬೀಳುತ್ತದೆ. ಆಗಲೇ ನೋವು, ಜೋಮು. ತಲೆದಿಂಬಿನ ಹಾಗೆ ಮೆತ್ತಗಿರುವ ಸೀಟೂ ಪರಿಹಾರವಲ್ಲ, ಎಲುಬು ಹುಗಿದು ಅದೇ ಕಥೆಯಾಗುತ್ತದೆ. ಹಿಂಭಾಗ ಸಾಕಷ್ಟು ಅಗಲ, ಸಾಕಷ್ಟು ಗಟ್ಟಿ ಇರಬೇಕು, ಮೂತಿ ಮೇಲಕ್ಕೆ ಎತ್ತಿರಬಾರದು. ಆ ಅಂಟು ಚಡ್ಡಿಯ ಒಳಗೆ ಹೊಲಿಗೆಯಿಲ್ಲದ ಮೆತ್ತೆ ಇರುತ್ತದೆ. ಒಳಉಡುಪು ಇಲ್ಲದೆ ಹಾಕಬೇಕು, ಇಲ್ಲದಿದ್ದರೆ ಅದರ ಹೊಲಿಗೆಯೇ ಉಜ್ಜಿ ಹುಣ್ಣಾಗುತ್ತದೆ. ಪ್ರತಿಸಲ ಒಗೆದು ಬಿಸಿಲಿಗೆ ಹಾಕಬೇಕು. ಅದು ಶೋಕಿಯದಲ್ಲ, ಅದರ ಮೇಲೆ ಚೂಡಿದಾರದ ಟಾಪು ಹಾಕಿಕೊಂಡರೆ ಯಾರ ಅಪ್ಪಣೆಯೂ ಬೇಡ ಎಂದಳು. ಉರಿಮೂತ್ರವೋ ಹುಣ್ಣೋ ಆಗಿ ಎರಡು ದಿನದಲ್ಲಿ ವಾಸಿಯಾಗದಿದ್ದರೆ ಮುಚ್ಚಿಡದೆ ವೈದ್ಯರಿಗೆ ತೋರಿಸಬೇಕು.

ಒಲಿಂಪಿಕ್ಸಿನಲ್ಲಿ ಗಂಡಸರ ರಸ್ತೆ ಸೈಕಲ್ ರೇಸು 1896ರಿಂದ ಇದೆಯಂತೆ, ಹೆಂಗಸರದು 1984ರಲ್ಲಿ ಬಂತು. ಸೀಟಿನ ಬಗ್ಗೆ ಕೇಳುವುದಕ್ಕೆ ಇಷ್ಟು ತಡವಾದದ್ದರಲ್ಲಿ ಏನಾಶ್ಚರ್ಯ!

ಆಮೇಲೆ ಅವಳೂ ಸೋದರಳಿಯನೂ ಕೊಟ್ಟಿಗೆಗೆ ಹೋಗಿ ಮಗಳ ಸೈಕಲ್ಲನ್ನು ಹೊರಗೆ ಎಳೆದರು. ಸೀಟು ಪೂರ್ತಿ ಕೆಳಗಿತ್ತು, ಬೀಳಬಾರದೆಂದು ನಮ್ಮನೆಯವರೇ ಇಳಿಸಿದ್ದು. ಅಳತೆ ಬಹಳ ಸುಲಭ. ಸೀಟಿನ ಮೇಲೆ ಕುಳಿತು, ಕೆಳಗಿನ ಪೆಡಲಿನ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಆಮೇಲೆ ಮುಂಗಾಲಿನಿಂದ ತುಳಿದಾಗ ಮಂಡಿ ಚೂರು ಮಡಚಿರುತ್ತದೆ, ಅದೇ ಸರಿ. ಮಗಳಿಗೆ ನಾಲ್ಕು ಬೆರಳು ಎತ್ತರಿಸಬೇಕಾಯಿತು. ತುಳಿದು ಕೆರೆಯವರೆಗೆ ಹೋಗಿ ಬಂದು, "ಅಮ್ಮಾ, ಇದು ಬೇರೆ ಸೈಕಲ್ಲೇ ಆಯ್ತಲ್ಲೇ!" ಎಂದಳು. ಆರು ವರ್ಷ ಕೊಟ್ಟಿಗೆಯಲ್ಲಿ ಕೊಳೆತದ್ದು ನಾಲ್ಕು ಬೆರಳಿನ ಸಲುವಾಗಿ!

ಆಮೇಲೆ ಎಲ್ಲರೂ ನನ್ನನ್ನು ಹತ್ತಿಸಿದರು. ಸೀರೆಯ ನೆರಿಗೆ ಸಿಕ್ಕಿಸಿಕೊಂಡು, ಸೆರಗು ಬಿಗಿದು ಹತ್ತಿದೆ. ಲೇಡೀಸ್ ಸೈಕಲ್ಲಿಗೆ ಅಡ್ಡಪಟ್ಟಿ ಇಲ್ಲ, ಚೈನಿಗೆ ಕವರು ಇದೆ. ಇಪ್ಪತ್ತೊಂಬತ್ತು ವರ್ಷದ ಮೇಲೆ ತುಳಿದದ್ದು. ಹತ್ತು ಮಾರು ಡೊಂಕು ಡೊಂಕು, ಆಮೇಲೆ ನೆಟ್ಟಗಾಯಿತು. ಪಕ್ಕದ ಮನೆಯಾಕೆ ಸಗಣಿ ಬುಟ್ಟಿ ಹಿಡಿದು ನಿಂತೇ ಇದ್ದಳು.

ಈಗ ವಾರಕ್ಕೆ ಮೂರು ದಿನ, ಕೊಟ್ಟಿಗೆ ಕೆಲಸ ಮುಗಿಸಿ ಕೆರೆಯವರೆಗೆ ಹೋಗಿ ಬರುತ್ತೇನೆ, ಚೂಡಿದಾರ ಹಾಕಿಕೊಂಡು. ಅಗಲದ ಸೀಟನ್ನು ಸೊರಬದಿಂದ ತಂದು ಹಾಕಿಸಿದ್ದಾಯಿತು. ಮೊದಲ ವಾರ ನಮ್ಮ ಅತ್ತೆಯವರು ಮಾತು ಬಿಟ್ಟಿದ್ದರು. ಎರಡನೆಯ ವಾರ, "ಹೋಗೋದು ಹೋಗ್ತೀಯ, ಬರುವಾಗ ಎಲೆ ಅಡಿಕೆ ತಗೊಂಡು ಬಾ" ಎಂದರು. ಅದಕ್ಕೆ ಹಿಂದೆ ಕ್ಯಾರಿಯರ್ ಇರುವುದು ಅನುಕೂಲ.

ಒಂದೇ ತೊಂದರೆ, ಚಂದ್ರಗುತ್ತಿ ಕಡೆಯ ಏರಿನಲ್ಲಿ ಇಳಿದು ತಳ್ಳಬೇಕಾಗುತ್ತದೆ. ಗೇರಿನದ್ದು ತೆಗೆದುಕೊಳ್ಳಿ ಎಂದು ಸೋದರಳಿಯ ಒತ್ತಾಯಿಸುತ್ತಾನೆ. ಫ್ರಾನ್ಸಿನ ಆ ಪ್ರಸಿದ್ಧ ರೇಸನ್ನು 1903ರಲ್ಲಿ ಆರಂಭಿಸಿದ ಆಂರಿ ದೆಗ್ರಾಂಜ್ ಎಂಬಾತ, ಗೇರು ಇರುವುದು ನಲವತ್ತೈದು ದಾಟಿದವರಿಗೆ ಎಂದು ಬರೆದಿದ್ದನಂತೆ. ಅವನ ರೇಸಿನಲ್ಲಿ ಗೇರು ಬದಲಿಸುವ ಸಲಕರಣೆಗೆ ಒಪ್ಪಿಗೆ ಸಿಕ್ಕಿದ್ದು 1937ರಲ್ಲಿ. ನನಗೀಗ ನಲವತ್ತಾರು, ನಿಯಮದಂತೆ ಅರ್ಹಳೇ! ನಮ್ಮನೆಯವರು ಅಡಿಕೆ ಧಾರಣೆ ನೋಡಿ ಹೇಳುತ್ತೇನೆ ಎಂದಿದ್ದಾರೆ. ಮಗಳು ಮಾತ್ರ ಗೇರಿನ ಸೈಕಲ್ಲು ಬಂದರೆ ಅದು ತನಗೆ, ಸರ್ಕಾರದ್ದು ಅಮ್ಮನಿಗೆ ಎಂದು ಈಗಿನಿಂದಲೇ ಹಕ್ಕು ಹೂಡಿದ್ದಾಳೆ.