ಸಕ್ಕರೆ ಹುಡುಕೋ ಸ್ಕ್ಯಾನು

ಡಾಕ್ಟರೂ ಕಥೆಗಾರರೂ ಆಗಿದ್ದ ರಾಮಣ್ಣನವರ ಊರು ಬೆಸಗರಹಳ್ಳಿ. ಸುತ್ತ ಕಬ್ಬಿನ ಗದ್ದೆ. ಸಕ್ಕರೆಯ ಈ ಸೀಮೆಯವರಿಗೆ ಪೆಟ್ ಸ್ಕ್ಯಾನ್ ಅರ್ಥ ಮಾಡಿಸೋದು ಸುಲಭ.

ಶ್ವಾಸಕೋಶದ ಕ್ಯಾನ್ಸರ್ ಎಲ್ಲೆಲ್ಲಿ ಹರಡಿದೆ ಅಂತ ನೋಡೋಕೆ ಈ ಸ್ಕ್ಯಾನಿಗೆ ಮುಂಚೆ ನರಕ್ಕೆ ಎಫ್‌ಡಿಜಿ ಕೊಡ್ತಾರೆ. ಗ್ಲೂಕೋಸನ್ನೇ ಹೋಲೋ ವಸ್ತು, ಜೊತೆಗೆ ವಿಕಿರಣ ಸೂಸೋ ಫ್ಲೋರಿನ್-18. ಕ್ಯಾನ್ಸರ್ ಕೋಶಕ್ಕೆ ಸಕ್ಕರೆ ಹಸಿವು ಜಾಸ್ತಿ. ಇದನ್ನ ನುಂಗುತ್ತೆ, ಅರಗಿಸಿಕೊಳ್ಳೋಕಾಗಲ್ಲ. ಒಳಗೇ ಸಿಕ್ಕಿಕೊಂಡು ಹೊಳೆಯುತ್ತೆ. ಊಟದ ಸಕ್ಕರೆ ಇದಕ್ಕೆ ಪೈಪೋಟಿ ಕೊಡಬಾರದು ಅಂತಲೇ ಉಪವಾಸ ಇರಿ ಅನ್ನೋದು. ಸಕ್ಕರೆ ಕಾಯಿಲೆ ಇದ್ರೆ ಮೊದಲೇ ತಿಳಿಸಿ.

ತೊಡಕು ಇಲ್ಲಿದೆ: ಟಿಬಿಯೂ ಹೀಗೇ ಹೊಳೆಯುತ್ತೆ. ಟಿಬಿ ಇಷ್ಟೊಂದಿರೋ ನಮ್ಮ ದೇಶದಲ್ಲಿ, ಎದೆ ನಡುವಿನ ದುಗ್ಧಗ್ರಂಥಿ ಹೊಳೆದ ಮಾತ್ರಕ್ಕೆ ಕ್ಯಾನ್ಸರ್ ಮೂರನೇ ಹಂತ ಅಂದುಬಿಟ್ರೆ ರೋಗಿಗೆ ಆಪರೇಷನ್ನೇ ತಪ್ಪಿಹೋಗಬಹುದು. ಸೂಜಿ ಹಾಕಿ, ಬಯಾಪ್ಸಿ ಮಾಡಿ ಖಚಿತಪಡಿಸಿಕೊಳ್ಳಬೇಕು. ಮಿದುಳೂ ಸಕ್ಕರೆ ತಿನ್ನೋದ್ರಿಂದ ಅಲ್ಲಿನ ಸಣ್ಣ ಗಡ್ಡೆ ಆ ಬೆಳಕಲ್ಲೇ ಮರೆಯಾಗುತ್ತೆ. ಅದಕ್ಕೆ ಎಂಆರ್‌ಐ.

ಎಫ್‌ಡಿಜಿ ಥರದ್ದೇ ಇನ್ನೊಂದು ವಸ್ತು, ಫಾಪಿ. ಜರ್ಮನಿಯ ಹೈಡೆಲ್‌ಬರ್ಗ್‌ನವರು 2018ರಲ್ಲಿ ಪ್ರಕಟಿಸಿದ್ದು. ಇದು ಸಕ್ಕರೆ ಹುಡುಕಲ್ಲ. ಗಡ್ಡೆ ಸುತ್ತ ಬೆಳೆಯೋ ನಾರು ಕೋಶಗಳ ಪ್ರೋಟೀನಿಗೆ ಅಂಟುತ್ತೆ. ಉಪವಾಸ ಬೇಕಿಲ್ಲ. ಮಿದುಳು ಕಪ್ಪಗೇ ಕಾಣೋದ್ರಿಂದ ಗಡ್ಡೆ ಎದ್ದು ತೋರುತ್ತೆ. ಆದ್ರೆ ಹಳೇ ಗಾಯದ ಕಲೆ, ಸವೆದ ಕೀಲು, ಟಿಬಿ ಕೂಡ ಹೊಳೆಯಬಹುದು. ಇವತ್ತಿಗೂ ಹಂತ ಗುರುತಿಸೋಕೆ ಮೊದಲ ಆಯ್ಕೆ ಎಫ್‌ಡಿಜಿಯೇ.

ಸ್ಕ್ಯಾನಿಗೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಬೇರೆಲ್ಲಿಗೋ ಹೊರಟಾಗ, ಮನೆಯಲ್ಲಿರೋ ಹಳೇ ಎಕ್ಸ್‌ರೇ, ಟಿಬಿ ಚಿಕಿತ್ಸೆಯ ಚೀಟಿ ಎಲ್ಲಾ ಜೊತೆಗೆ ತಗೊಂಡು ಹೋಗಿ.