ಕೇಂಬ್ರಿಜ್ ಹಸುರುಮರಳಿನ ಜಲಸರೀಸೃಪಾವಶೇಷಗಳ ಕಾಲನಿರ್ಣಯ

ಭೂಸ್ತರವೊಂದರಲ್ಲಿ ದೊರೆತ ಎಲುಬು ಆ ಸ್ತರವು ಸಂಚಿತವಾದ ಕಾಲದ ಪ್ರಾಣಿಯದೇ ಆಗಿರಬೇಕೆಂದು ಭಾವಿಸುವುದು ಸಹಜ. ಆದರೆ ನೀರು ಈ ನಿಯಮಕ್ಕೆ ಕಟ್ಟುಬಿದ್ದುದಲ್ಲ. ಅದು ಹಳೆಯ ಪ್ರಸ್ತರವನ್ನು ಕೊರೆದು, ಅದರೊಳಗಿನ ಪಳೆಯುಳಿಕೆಯನ್ನು ಬಿಡಿಸಿ, ಕೆಲವೆಡೆ ಸುಣ್ಣಕಲ್ಲಿನ ಗುಹೆಗಳ ಮಣ್ಣಿನಲ್ಲಿಯೂ ಕೆಲವೆಡೆ ಸಮುದ್ರತಳದ ಕೆಸರಿನಲ್ಲಿಯೂ ಎರಡನೆಯ ಸಲ ಹೂಳುತ್ತದೆ. ಇಂತಹ ಎಲುಬುಗಳು ಕಾಲಗಣನೆಯಲ್ಲಿ ಉಂಟುಮಾಡುವ ತೊಡಕಿಗೆ ಇಂಗ್ಲೆಂಡಿನ ಕೇಂಬ್ರಿಜ್ ಪ್ರಾಂತದ ‘ಹಸುರುಮರಳು’ ಒಳ್ಳೆಯ ನಿದರ್ಶನವಾಗಿದೆ.

ಈ ಸ್ತರವು ಬಹು ತೆಳುವಾದುದು. ಸಾಮಾನ್ಯವಾಗಿ ಅದರ ದಪ್ಪ ಒಂದಡಿಯ ಆಸುಪಾಸಿನದು. ಕೆಳಗೆ ಸವೆದ ಮೈಯುಳ್ಳ ಗಾಲ್ಟ್ ಎಂಬ ಜೇಡಿಮಣ್ಣು, ಮೇಲೆ ಸೀಮೆಸುಣ್ಣದ ಪ್ರಸ್ತರ. ಹೆಸರಿನಲ್ಲಿ ಮರಳೆಂದಿದ್ದರೂ ವಸ್ತುತಃ ಅದು ಗ್ಲಾಕೊನೈಟ್ ಎಂಬ ಹಸುರು ಖನಿಜದ ಕಣಗಳು ಬೆರೆತ ಸುಣ್ಣಮಣ್ಣು. ಅದರಲ್ಲಿ ಫಾಸ್ಫೇಟಿನ ಗಂಟುಗಳು ವಿಪುಲವಾಗಿವೆ. ಇವು ಗೊಬ್ಬರಕ್ಕೆ ಉಪಯುಕ್ತವೆಂಬುದನ್ನು ಡಾರ್ವಿನ್ನರ ಗುರುಗಳಾದ ಹೆನ್ಸ್‌ಲೊ ಅವರು 1840ರ ದಶಕದಲ್ಲಿ ಎತ್ತಿ ತೋರಿಸಿದ ತರುವಾಯ ಹೊಲಹೊಲಗಳನ್ನೇ ಅಗೆದು ಗಂಟುಗಳನ್ನು ತೊಳೆದು ಮಾರುವ ಉದ್ಯಮವು ಬೆಳೆಯಿತು. ಜನರು ಇವನ್ನು ಕಾಪ್ರೊಲೈಟ್, ಎಂದರೆ ಕಲ್ಲಾದ ಲದ್ದಿ ಎಂದು ಕರೆದರು. ಬಹುಪಾಲು ಗಂಟುಗಳಿಗೆ ಆ ಹೆಸರು ಸಲ್ಲದು. ಗೊಬ್ಬರಕ್ಕಾಗಿ ನಡೆದ ಈ ಅಗೆತದಿಂದಲೇ ಇಕ್ತಿಯೋಸಾರ್, ಪ್ಲೀಸಿಯೋಸಾರ್ ಮೊದಲಾದ ಜಲಸರೀಸೃಪಗಳ ಬಿಡಿ ಎಲುಬುಗಳು ಕೇಂಬ್ರಿಜ್ಜಿನ ವುಡ್‌ವರ್ಡಿಯನ್ ವಸ್ತುಸಂಗ್ರಹಾಲಯವನ್ನು ಸೇರಿದವು. ಅವುಗಳ ಪಟ್ಟಿಯನ್ನು ಸೀಲಿ ಅವರು 1869ರಲ್ಲಿ ಪ್ರಕಟಿಸಿದರು.

ಈ ಎಲುಬುಗಳು ಯಾವ ಕಾಲದವು? ಅವು ಗಾಲ್ಟಿನಿಂದ ಕಿತ್ತು ಬಂದವೆಂಬ ಪಕ್ಷವನ್ನು ಜೂಕ್ಸ್-ಬ್ರೌನ್ ಅವರು 1875ರಲ್ಲಿ ಪ್ರತಿಪಾದಿಸಿದರು. ಇದಕ್ಕೆ ಆಧಾರವು ಎಲುಬುಗಳ ಮೈಯಲ್ಲಿಯೇ ಇದೆ. ಅವು ಫಾಸ್ಫೇಟಿನಿಂದ ತುಂಬಿ ಕಪ್ಪಾಗಿವೆ, ಅಂಚುಗಳು ಉರುಳಾಡಿ ನುಣುಪಾಗಿವೆ, ಪೂರ್ಣವಾದ ಅಸ್ಥಿಪಂಜರವಿಲ್ಲ. ಗಂಟುಗಳ ಮೇಲೆ ಚಿಕ್ಕ ಸಿಂಪಿಗಳು ಅಂಟಿ ಬೆಳೆದಿರುವುದರಿಂದ, ಅವು ಮೊದಲೇ ಗಟ್ಟಿಯಾಗಿ ಅನಂತರ ಸಮುದ್ರತಳದಲ್ಲಿ ತೆರೆದು ಬಿದ್ದಿದ್ದುವೆಂಬುದು ಸ್ಪಷ್ಟ. ಜೊತೆಯಲ್ಲಿ ದೊರೆಯುವ ಕಪ್ಪು ಅಮೊನೈಟ್ ಚಿಪ್ಪುಗಳು ಆಲ್ಬಿಯನ್ ಯುಗದ ಕೊನೆಯವು. ಸ್ತರವಾದರೋ ಅದರ ಮುಂದಿನ ಸೆನೊಮೇನಿಯನ್ ಯುಗದ ಆರಂಭದ್ದು.

ಒಂದಡಿಯ ಮಣ್ಣಿನ ವಿಷಯದಲ್ಲಿ ಇಷ್ಟೊಂದು ವಿಚಾರವೇಕೆಂದು ಕೇಳಬಹುದು. ಆ ಎರಡು ಯುಗಗಳ ಗಡಿಯು ಇಂದಿಗೆ ಸುಮಾರು 10 ಕೋಟಿ ವರ್ಷಗಳ ಹಿಂದಿನದು; ಇಕ್ತಿಯೋಸಾರ್ ವಂಶವು ನಶಿಸಿದ್ದು ಸುಮಾರು 9 ಕೋಟಿ 40 ಲಕ್ಷ ವರ್ಷಗಳ ಹಿಂದೆ. ಆ ವಿನಾಶವು ಎರಡು ಹಂತಗಳಲ್ಲಿ ನಡೆಯಿತೆಂದೂ ಮೊದಲನೆಯದು ಸೆನೊಮೇನಿಯನ್ನಿನ ಆರಂಭದಲ್ಲಿಯೇ ಸಂಭವಿಸಿತೆಂದೂ 2016ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಹೇಳುತ್ತದೆ. ಕೇಂಬ್ರಿಜ್ಜಿನ ಎಲುಬುಗಳು ಸರಿಯಾಗಿ ಆ ಗಡಿಯ ಮೇಲೆಯೇ ಇವೆ. ಸ್ತರದ ಕಾಲವನ್ನೇ ಅವುಗಳಿಗೆ ಹಚ್ಚಿದರೆ, ಮೊದಲೇ ಅಳಿದಿರಬಹುದಾದ ಕುಲಗಳು ಗಡಿಯನ್ನು ದಾಟಿ ಬದುಕಿದ್ದಂತೆ ಲೆಕ್ಕವಾಗುತ್ತದೆ. ಆದುದರಿಂದ ಸಂಗ್ರಹಾಲಯದ ಒಂದೊಂದು ಎಲುಬನ್ನೂ ಪ್ರತ್ಯೇಕವಾಗಿ ಪರೀಕ್ಷಿಸುವುದು ಅನಿವಾರ್ಯ.

ದಕ್ಷಿಣ ಹಿಂದೂಸ್ಥಾನದಲ್ಲಿಯೂ ಇದಕ್ಕೆ ಸಮೀಪವಾದ ಸಾಮಗ್ರಿಯುಂಟು. ತಿರುಚಿನಾಪಳ್ಳಿ ಸೀಮೆಯ ಉತ್ತಟೂರು ಸ್ತರಗಳಲ್ಲಿ ದೊರೆತ ಬೆನ್ನೆಲುಬಿನ ಮಣಿಗಳಿಗೆ ಲಿಡೆಕರ್ ಅವರು 1879ರಲ್ಲಿ ‘ಇಕ್ತಿಯೋಸಾರಸ್ ಇಂಡಿಕಸ್’ ಎಂಬ ಹೆಸರನ್ನಿಟ್ಟರು. ಆ ಸ್ತರಗಳ ಜೇಡಿಯಲ್ಲಿಯೂ ಫಾಸ್ಫೇಟಿನ ಗಂಟುಗಳಿವೆ.