ಸಿಮೆಂಟ್ ಅಂಗಳಕ್ಕೆ ಒಂದು ಗುಂಡಿ, ಒಂದು ತೊಂಡೆ ಚಪ್ಪರ

ಊರು ಬಿಟ್ಟು ಪೇಟೆ ಸೇರಿದ ರೈತ ಕುಟುಂಬಗಳು ಮೊದಲು ಕೇಳೋ ಪ್ರಶ್ನೆ ಒಂದೇ: "ಮನೆ ಮುಂದೆ ಪೂರ್ತಿ ಸಿಮೆಂಟ್ ಹಾಕಿಬಿಟ್ಟಿದಾರೆ, ಇಲ್ಲಿ ಏನು ಬೆಳೆಯೋಕಾಗುತ್ತೆ?" ನರ್ಸರಿಗೆ ಹೋದರೆ ಇಪ್ಪತ್ತು ಕುಂಡ, ಇಪ್ಪತ್ತು ಗಿಡ, ಕೊಕೊಪೀಟ್, ಸ್ಟ್ಯಾಂಡ್ ಅಂತ ಪಟ್ಟಿ ಕೊಡ್ತಾರೆ. ಎಲ್ಲಾ ಸೇರಿದರೆ ಒಂದು ತಿಂಗಳ ಬಾಡಿಗೆ ಆಗುತ್ತೆ. ಅಷ್ಟು ಕೊಟ್ಟು ತಂದರೂ ಏಪ್ರಿಲ್ ತಿಂಗಳಲ್ಲಿ ಅರ್ಧ ಗಿಡ ಒಣಗಿ ನಿಂತಿರುತ್ತವೆ. ಇದರಲ್ಲಿ ಗಿಡದ ತಪ್ಪೇನೂ ಇಲ್ಲ. ಬಿಸಿಲಿಗೆ ಕಾದ ಕಾಂಕ್ರೀಟ್ ಸಂಜೆ ಏಳಾದರೂ ಬಿಸಿಯಾಗೇ ಇರುತ್ತೆ. ಅದರ ಮೇಲೆ ಕೂತ ಕುಂಡದೊಳಗಿನ ಬೇರು ಮೇಲಿಂದಲೂ ಬೇಯುತ್ತೆ, ಕೆಳಗಿಂದಲೂ ಬೇಯುತ್ತೆ.

ಹಾಗಾಗಿ ನನ್ನ ಲೆಕ್ಕ ಬೇರೆ. ಸಿಮೆಂಟ್ ಅಂಗಳದಲ್ಲಿ ಮೊದಲು ಬೇಕಾಗಿರೋದು ನೆರಳು. ಕುಂಡಗಳ ವಿಚಾರ ಆಮೇಲೆ. ಕಡಿಮೆ ಖರ್ಚಿನಲ್ಲಿ ನೆರಳು ಕೊಡೋದು ಬಳ್ಳಿ. ಒಂದೇ ಬುಡಕ್ಕೆ ನೀರು ಹಾಕಿದರೆ ಇಡೀ ಚಪ್ಪರ ಹಸಿರಾಗುತ್ತೆ. ಇಪ್ಪತ್ತು ಕುಂಡಕ್ಕೆ ಇಪ್ಪತ್ತು ಸಲ ಬಗ್ಗಿ ನೀರು ಹಾಕೋ ಕೆಲಸ ತಪ್ಪುತ್ತೆ.

ನಮ್ಮದು ದಾವಣಗೆರೆಯಲ್ಲಿ ಬಾಡಿಗೆ ಮನೆ, ಕೆಳಗಿನ ಅಂತಸ್ತು. ಅಂಗಳ ಹದಿನೆಂಟು ಅಡಿ ಉದ್ದ, ಹನ್ನೆರಡು ಅಡಿ ಅಗಲ, ಪಶ್ಚಿಮಕ್ಕೆ ಮುಖ. ಮಧ್ಯಾಹ್ನದ ಮೇಲೆ ಅಲ್ಲಿ ಬರಿಗಾಲಲ್ಲಿ ನಿಲ್ಲೋ ಹಾಗಿರಲಿಲ್ಲ. ನಮ್ಮ ಮಾವನವರಿಗೆ ಎಪ್ಪತ್ತಾರು ವರ್ಷ. ಹರಿಹರದ ಕಡೆ ಗದ್ದೆಯಲ್ಲಿ ಜೀವನ ಕಳೆದವರು, ಮಂಡಿ ನೋವು ಜಾಸ್ತಿಯಾದ ಮೇಲೆ ಜಮೀನು ಲಾವಣಿಗೆ ಕೊಟ್ಟು ನಮ್ಮ ಜೊತೆ ಬಂದರು. ದಿನಾ ಬೆಳಗ್ಗೆ ಎದ್ದು ಒಂದೇ ಮಾತು: "ನನ್ನ ಊರಿಗೆ ಬಸ್ ಹತ್ತಿಸವ್ವಾ, ಈ ಗೋಡೆ ಮಧ್ಯೆ ನಂಗೆ ಆಗಲ್ಲ." ಊರಲ್ಲಿ ಒಬ್ಬರೇ ಇರೋ ಸ್ಥಿತಿ ಅವರದ್ದಲ್ಲ. ಇಲ್ಲಿ ಕೂರೋಕೆ ಜಾಗವಿಲ್ಲ. ನನಗೆ ಅಂಗಳದ ಕೆಲಸ ಶೋಕಿಗಾಗಿ ಬಂದಿದ್ದಲ್ಲ ಅನ್ನೋದಕ್ಕೆ ಇದನ್ನ ಹೇಳಿದೆ.

ಬಾಡಿಗೆ ಮನೆ ಅಂದಮೇಲೆ ಓನರ್ ಒಪ್ಪಿಗೆ ಬೇಕೇ ಬೇಕು. ಅವರ ಭಯ ಗೋಡೆಗೆ ತೇವ ಏರುತ್ತೆ ಅಂತ. ಅದು ಸುಮ್ಮನೆ ಭಯ ಅಲ್ಲ, ಪಾಯದ ಪಕ್ಕದಲ್ಲೇ ದಿನಾ ನೀರು ನಿಂತರೆ ಗೋಡೆ ಬಣ್ಣ ಉದುರೋದು ಖಂಡಿತ. ಆದ್ದರಿಂದ ಗೋಡೆಯಿಂದ ನಾಲ್ಕು ಅಡಿ ದೂರ, ಕಾಂಪೌಂಡ್ ಮೂಲೆಯ ಕಡೆ, ಎರಡು ಅಡಿ ಚೌಕದ ಒಂದೇ ಒಂದು ಗುಂಡಿ ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿ ತೋರಿಸಿದೆ. ಬಿಟ್ಟು ಹೋಗುವಾಗ ಮುಚ್ಚಿಸಿಕೊಡ್ತೀನಿ ಅಂದೆ. "ಅಷ್ಟೇನಾ?" ಅಂದರು, ಒಪ್ಪಿದರು. ನೀವೂ ಬಾಯಲ್ಲಿ ಹೇಳೋ ಬದಲು ಗುರುತು ಹಾಕಿ ತೋರಿಸಿ. ನೀರಿನ ಪೈಪು, ಚೇಂಬರ್ ಲೈನು ಎಲ್ಲಿ ಹೋಗಿದೆ ಅಂತ ಮೊದಲೇ ಕೇಳಿಕೊಳ್ಳಿ. ನಿಮ್ಮ ಅಂಗಳದಲ್ಲಿ ಇಂಟರ್‌ಲಾಕ್ ಟೈಲ್ಸ್ ಇದ್ದರಂತೂ ಇನ್ನೂ ಸುಲಭ, ಒಡೆಯೋದೇ ಬೇಡ, ನಾಲ್ಕಾರು ಟೈಲ್ಸ್ ಎಬ್ಬಿಸಿ ಒಂದು ಕಡೆ ಜೋಡಿಸಿಟ್ಟರೆ ಮುಗೀತು.

ಕಾಂಕ್ರೀಟ್ ಒಡೆದ ಮೇಲೆ ಕಾಣೋದು ಮಣ್ಣಲ್ಲ. ಜಲ್ಲಿ, ಇಟ್ಟಿಗೆ ಚೂರು, ಗಟ್ಟಿಯಾದ ಸಿಮೆಂಟ್ ಉಂಡೆ. ಇದನ್ನ ಅಲ್ಲೇ ಬಿಟ್ಟು ಮೇಲೆ ಗೊಬ್ಬರ ಸುರಿದರೆ ಪ್ರಯೋಜನವಿಲ್ಲ. ಸಿಮೆಂಟ್ ಅಂಶದಿಂದ ಮಣ್ಣು ಕ್ಷಾರವಾಗಿ, ಗಿಡಕ್ಕೆ ಕಬ್ಬಿಣಾಂಶ ಸಿಗದೆ ಹೊಸ ಎಲೆ ಹಳದಿ ಬರುತ್ತೆ, ನರ ಮಾತ್ರ ಹಸಿರಾಗಿರುತ್ತೆ. ಎಷ್ಟೋ ಹೊಸ ಮನೆಗಳಲ್ಲಿ ಕರಿಬೇವು ಏಳದೇ ಇರೋದಕ್ಕೆ ಇದೂ ಒಂದು ಕಾರಣ. ಎರಡು ಅಡಿ ಆಳದವರೆಗೆ ಎಲ್ಲಾ ತೆಗೆಸಿ ಹೊರಗೆ ಹಾಕಿ. ನಂತರ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಸುಟ್ಟ ಭತ್ತದ ಹೊಟ್ಟು. ನಮ್ಮೂರಲ್ಲಿ ಮಂಡಕ್ಕಿ ಭಟ್ಟಿಗಳಿಗೆ ಹೊಟ್ಟೇ ಉರುವಲು, ಕೇಳಿದರೆ ಚೀಲ ತುಂಬಿಕೊಂಡು ಹೋಗಿ ಅಂತಾರೆ. ಅದರಲ್ಲಿ ಕಪ್ಪಗೆ ಇದ್ದಿಲಿನಂತಿರೋದನ್ನ ಆರಿಸಿ. ಪೂರ್ತಿ ಬೆಳ್ಳಗಾದ ಬೂದಿ ಜಾಸ್ತಿ ಬಿದ್ದರೆ ಮತ್ತೆ ಕ್ಷಾರದ ಕಾಟ.

ಗುಂಡಿ ಮಧ್ಯೆ ನಾನು ಒಂದು ಹಳೇ ಮಣ್ಣಿನ ಮಡಕೆ ಹೂತಿದ್ದೀನಿ, ಬಾಯಿ ಮಾತ್ರ ಮೇಲೆ. ಒಳಗೂ ಹೊರಗೂ ಬಣ್ಣ, ಪಾಲಿಶ್ ಇಲ್ಲದ ಮಡಕೆಯೇ ಆಗಬೇಕು. ಅದಕ್ಕೆ ನೀರು ತುಂಬಿ ಚಪ್ಪಡಿ ಮುಚ್ಚಿದರೆ ಗೋಡೆಯಿಂದ ನಿಧಾನಕ್ಕೆ ಜಿನುಗಿ ಬೇರಿಗೆ ಸಿಗುತ್ತೆ. ಮೂರು ನಾಲ್ಕು ದಿನಕ್ಕೊಮ್ಮೆ ತುಂಬಿದರೆ ಸಾಕು. ದಿನಾ ನಲ್ಲಿ ನೀರು ಬರದ ಬೀದಿಗಳಿಗೆ ಇದಕ್ಕಿಂತ ಅಗ್ಗದ ಹನಿ ನೀರಾವರಿ ನನಗೆ ಗೊತ್ತಿಲ್ಲ. ಮುಚ್ಚಳ ಮಾತ್ರ ಮರೀಬೇಡಿ, ಸೊಳ್ಳೆ ಮೊಟ್ಟೆ ಇಡೋಕೆ ಅಷ್ಟು ಜಾಗ ಸಾಕು.

ಯಾವ ಬಳ್ಳಿ? ಬಸಳೆ ಬೇಗ ಹಬ್ಬುತ್ತೆ, ಆದರೆ ತಿನ್ನೋಕೆ ಕೊಯ್ದರೆ ನೆರಳು ಹೋಗುತ್ತೆ. ರಂಗೂನ್ ಬಳ್ಳಿ ಚೆಂದ, ಎರಡೇ ವರ್ಷದಲ್ಲಿ ಹುಚ್ಚು ಹಿಡಿದಂತೆ ಬೆಳೆದು ಬಿದಿರನ್ನೇ ಬಗ್ಗಿಸುತ್ತೆ. ನಾನು ಹಾಕಿದ್ದು ತೊಂಡೆ. ಬೀಜ ಬೇಡ, ಚೆನ್ನಾಗಿ ಕಾಯಿ ಬಿಡೋ ಬಳ್ಳಿಯಿಂದ ಪೆನ್ಸಿಲ್ ದಪ್ಪದ, ನಾಲ್ಕೈದು ಗಿಣ್ಣಿರೋ ತುಂಡು ಕತ್ತರಿಸಿ ಎರಡು ಗಿಣ್ಣು ಮಣ್ಣೊಳಗೆ ಹೋಗೋ ಹಾಗೆ ನೆಟ್ಟರೆ ಆಯ್ತು. ಕಾಯಿ ಬಿಡೋ ಬಳ್ಳಿಯಿಂದಲೇ ತರೋದು ಮುಖ್ಯ. ಬೀಜದಿಂದ ಎದ್ದಿದ್ದು ಗಂಡು ಬಳ್ಳಿ ಆದರೆ ಹೂವು ನೋಡಿಕೊಂಡು ಕೂರಬೇಕು. ಮಾವನವರೇ ಊರಿಂದ ತಮ್ಮನ ಮಗನ ಕೈಲಿ ಆರು ತುಂಡು ಒದ್ದೆ ಬಟ್ಟೆ ಸುತ್ತಿ ತರಿಸಿದರು. ಮೂರು ನೆಟ್ಟೆವು, ಎರಡು ಉಳಿಸಿಕೊಂಡೆವು. ಮಿಕ್ಕ ಮೂರು ಪಕ್ಕದ ಮನೆಗೆ ಹೋದವು. ಎರಡೂವರೆ ತಿಂಗಳಿಗೆ ಮೊದಲ ಕಾಯಿ ಸಿಕ್ಕಿತು.

ಖರ್ಚು ಹೇಳ್ತೀನಿ. ಕಾಂಕ್ರೀಟ್ ಒಡೆದ ಗಾರೆ ಕೆಲಸದವರಿಗೆ ಅರ್ಧ ದಿನಕ್ಕೆ 500 ರೂಪಾಯಿ, ಆರು ಬಿದಿರಿಗೆ 600, ಕಟ್ಟು ತಂತಿಗೆ 120, ಗೊಬ್ಬರಕ್ಕೆ 200, ಪೇಂಟರ್ ಹತ್ತಿರ ತಗೊಂಡ ನಾಲ್ಕು ಖಾಲಿ ಬಕೆಟ್‌ಗೆ 120. ಒಟ್ಟು 1,540. ಮಣ್ಣು ಊರಿಂದ ಬಂತು, ಮಡಕೆ ಅಟ್ಟದ ಮೇಲಿತ್ತು.

ಬಕೆಟ್ ಯಾಕೆ ಅಂದ್ರೆ, ಬಿದಿರನ್ನ ನಿಲ್ಲಿಸೋಕೆ. ಅಂಗಳಕ್ಕೆಲ್ಲಾ ತೂತು ಕೊರೆಯೋ ಹಾಗಿಲ್ಲವಲ್ಲ. ಇಪ್ಪತ್ತು ಲೀಟರ್ ಬಕೆಟ್ ಒಳಗೆ ಬಿದಿರು ನಿಲ್ಲಿಸಿ, ಗುಂಡಿಯಿಂದ ತೆಗೆದ ಕಲ್ಲು ಸಿಮೆಂಟ್ ಚೂರನ್ನೇ ಬಿಗಿಯಾಗಿ ತುಂಬಿದೆವು. ಒಡೆದಿದ್ದನ್ನ ಎಸೆಯೋಕೆ ಆಟೋ ಬಾಡಿಗೆಯೂ ಉಳಿಯಿತು. ಗಾಳಿ ಮಳೆಗೆ ಅಲ್ಲಾಡದ ಹಾಗೆ ಒಂದು ಬದಿಯನ್ನ ಕಾಂಪೌಂಡ್ ಗೇಟಿನ ಕಂಬಕ್ಕೆ, ಇನ್ನೊಂದು ಬದಿಯನ್ನ ಕಿಟಕಿ ಗ್ರಿಲ್‌ಗೆ ಕಟ್ಟಲೇಬೇಕು. ಬರೀ ಬಕೆಟ್ ನಂಬಿದರೆ ಮೇ ತಿಂಗಳ ಬಿರುಗಾಳಿಗೆ ಚಪ್ಪರ ರಸ್ತೆ ಸೇರುತ್ತೆ.

ಚಪ್ಪರ ತುಂಬಿದ ಮೇಲೆ ಕುಂಡದ ಸರದಿ, ಅದೂ ನೆರಳಂಚಿನಲ್ಲಿ. ಅಡುಗೆ ಎಣ್ಣೆಯ ಖಾಲಿ ಡಬ್ಬ, ಹಳೇ ಟಬ್ಬು ಯಾವುದಾದರೂ ನಡೀತದೆ. ತಳಕ್ಕೆ ನಾಲ್ಕೈದು ತೂತು, ಕೆಳಗೆ ಎರಡು ಇಟ್ಟಿಗೆ, ಹೊರಗೆ ಸುಣ್ಣ ಇಲ್ಲವೇ ಗೋಣಿ ಚೀಲದ ಸುತ್ತು. ಇಟ್ಟಿಗೆ ಇಟ್ಟರೆ ನೆಲದ ಕಾವು ತಟ್ಟಲ್ಲ, ನೀರೂ ಸರಾಗ ಹರೀತದೆ. ಕೀಟನಾಶಕ, ಆಸಿಡ್, ಥಿನ್ನರ್ ಇದ್ದ ಡಬ್ಬದಲ್ಲಿ ತಿನ್ನೋ ಗಿಡ ಬೇಡವೇ ಬೇಡ. ದೊಡ್ಡಪತ್ರೆ, ಒಂದೆಲಗ, ಪುದೀನ ಅರೆ ನೆರಳಿಗೆ ಹೊಂದುತ್ತವೆ, ಮೂರೂ ತುಂಡಿನಿಂದಲೇ ಬರುತ್ತವೆ. ಅಡುಗೆ ಮನೆ ಮೆಂತ್ಯ ರಾತ್ರಿ ನೆನೆಸಿ ಬಿತ್ತಿದರೆ ಮೂರು ವಾರಕ್ಕೆ ಸೊಪ್ಪು. ಅಕ್ಕಿ, ತರಕಾರಿ ತೊಳೆದ ನೀರು ಹಾಕಿ, ಸೋಪಿನ ನೀರು ಬೇಡ. ಆರ್‌ಒ ಯಂತ್ರದಿಂದ ಹೊರಬೀಳೋ ನೀರಲ್ಲಿ ಉಪ್ಪಿನಂಶ ಜಾಸ್ತಿ, ಅದನ್ನ ನೆಲ ತೊಳೆಯೋಕೆ ಇಟ್ಟುಕೊಳ್ಳಿ.

ಈಗ ಮಾವನವರ ಹೊರಸು ಮಧ್ಯಾಹ್ನ ನಾಲ್ಕಕ್ಕೇ ಚಪ್ಪರದ ಕೆಳಗೆ ಬರುತ್ತೆ. ಊರಿನ ಮಾತು ನಿಂತಿಲ್ಲ, ದಿನಾ ಇದ್ದದ್ದು ವಾರಕ್ಕೊಮ್ಮೆ ಆಗಿದೆ. ಕಾಯಿ ಕೊಯ್ಯೋ ಕೆಲಸ ಅವರದ್ದೇ, ನಾವು ಕೈ ಹಾಕಿದರೆ ಎಳೇದನ್ನೆಲ್ಲಾ ಕಿತ್ತಿರಿ ಅಂತ ಬೈತಾರೆ.

ಚಳಿಗಾಲದಲ್ಲಿ ತೊಂಡೆ ಬಳ್ಳಿ ಮಂಕಾಗುತ್ತೆ, ಎಲೆ ಉದುರುತ್ತೆ. ಸತ್ತಿತು ಅಂತ ಕೀಳಬೇಡಿ. ಬುಡದ ದಪ್ಪ ಬಳ್ಳಿ ಉಳಿಸಿ ಮೇಲಿನ ಒಣ ಕಡ್ಡಿ ಸವರಿ, ಒಂದು ಬುಟ್ಟಿ ಗೊಬ್ಬರ ಕೊಟ್ಟರೆ ಬಿಸಿಲು ಏರೋ ಹೊತ್ತಿಗೆ ಮತ್ತೆ ಚಿಗುರಿ ಹಬ್ಬುತ್ತೆ. ಬಳ್ಳಿ ಬರಿದಾಗಿರೋ ಆ ದಿನಗಳಲ್ಲೇ ಬಿದಿರಿನ ಕಟ್ಟು ಬಿಚ್ಚಿ ನೋಡಿ, ಹುಳ ಹೊಡೆದದ್ದನ್ನ ಬದಲಾಯಿಸಿಕೊಳ್ಳಿ.